ಕಿವಿಗೆ ಬಂದ ಇನಾಮು

ಪ್ರಶಸ್ತಿ ಬಂದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಅವ್ವ ಕೇಳಿದ ಮೊದಲ ಪ್ರಶ್ನೆ, "ಹೊಲ ಯಾವ ಊರಾಗ ಕೊಟ್ಟಾರ?" ಎಂಬುದು.

ಪ್ರಶಸ್ತಿ ಎಂದರೆ ಅವಳಿಗೆ ಶಾಲೆಯ ಗ್ಯಾದರಿಂಗಿನಲ್ಲಿ ಕೊಡುವ ಸ್ಟೀಲ್ ಡಬ್ಬಿ ನೆನಪಾದೀತೆಂದು, ಮಾತಿಗೆ ಸ್ವಲ್ಪ ತೂಕ ಇರಲಿ ಎಂದು ನಾನು 'ಇನಾಮು' ಎಂದಿದ್ದೆ. ನಿಜಾಮರ ಆಳ್ವಿಕೆ ಹೋಗಿ ತಲೆಮಾರುಗಳಾದರೂ ಸುರಪುರದ ಹಿರಿಯರಿಗೆ ಇನಾಮು ಎಂದರೆ ಇಂದಿಗೂ ಜಮೀನು. ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಬದುಕಿರುವವರೆಗೆ ನಮ್ಮ ಮನೆಯಲ್ಲಿ ಕೇಳಿಸುತ್ತಿದ್ದ ಇನಾಮೆಲ್ಲ ಹೊಲ, ಬಾವಿ, ಗುಡಿಯ ಜಾಗದ್ದೇ.

"ಹೊಲ ಅಲ್ಲಬೇ. ಒಂದು ಪದಕ, ಒಂದು ಕಾಗದ."

"ಯಾವುದಕ್ಕ ಕೊಟ್ರು?"

"ಕಿವಿಗೆ."

"ಯಾರ ಕಿವಿಗೆ?"

"ಕಪ್ಪಿ ಕಿವಿಗೆ."

"ನನಗ ಕೆಲಸ ಅದ, ಇಡ್ತೀನಿ," ಎಂದು ಇಟ್ಟುಬಿಟ್ಟಳು. ನಾನು ಅವಳನ್ನು ಚೇಷ್ಟೆ ಮಾಡುತ್ತಿದ್ದೇನೆಂದು ಅವಳಿಗೆ ಅನಿಸಿರಬೇಕು. ಅರ್ಧ ಚೇಷ್ಟೆ ಹೌದು, ಅರ್ಧ ನಿಜ. ಜೈವಿಕ ಭೌತವಿಜ್ಞಾನಕ್ಕೆ ಕೊಡುವ ಆ ಪ್ರಶಸ್ತಿ ನನಗೆ ಸಿಕ್ಕಿದ್ದು ಕಿವಿಯೊಳಗಿನ ಒಂದು ಸಣ್ಣ ಸಂಗತಿಗೆ, ಅದನ್ನು ನಾನು ಬಹುಪಾಲು ನೋಡಿದ್ದು ಕಪ್ಪೆಗಳಲ್ಲಿ.

ಆ ಸಂಗತಿ ಏನೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕಿವಿಯ ಒಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿನ ಕುಚ್ಚುಗಳಿವೆ. ಸದ್ದು ಬಂದಾಗ ಅವು ಅಲ್ಲಾಡುತ್ತವೆ. ಅಷ್ಟೇ ಆಗಿದ್ದರೆ ನಮಗೆ ಗುಡುಗು ಕೇಳಿಸುತ್ತಿತ್ತು, ಪಿಸುಮಾತು ಕೇಳಿಸುತ್ತಿರಲಿಲ್ಲ. ನಾಗರಪಂಚಮಿಗೆ ಕಟ್ಟಿದ ಜೋಕಾಲಿಯನ್ನು ಹಿಂದೆ ನಿಂತವರು ಸರಿಯಾದ ಹೊತ್ತಿಗೆ ಸ್ವಲ್ಪವೇ ನೂಕಿದರೂ ಅದು ಹೇಗೆ ಮೇಲೇರುತ್ತದೋ ಹಾಗೆ ಕಿವಿಯೂ ಬಂದ ಸದ್ದನ್ನು ಒಳಗಿನಿಂದ ತಾನೇ ನೂಕುತ್ತದೆ. ಹೀಗೆ ನೂಕುವಾಗ ಆರೋಗ್ಯವಂತ ಕಿವಿ ತಾನೂ ತೀರ ಸಣ್ಣದೊಂದು ಸದ್ದನ್ನು ಹೊರಗೆ ಬಿಡುತ್ತದೆ. ನಾವು ಕೇಳುವಾಗ ನಮ್ಮ ಕಿವಿಯೂ ಏನೋ ಅನ್ನುತ್ತಿರುತ್ತದೆ. ಆ ನೂಕಿನ ಲೆಕ್ಕವನ್ನು ಅಳೆಯುವುದರಲ್ಲಿ ನನ್ನ ಪ್ರಾಯವೆಲ್ಲ ಹೋಯಿತು. ಹೋಯಿತೆಂದು ಬೇಸರವಿಲ್ಲ.

ನಾನು ಕೆಲಸ ಮಾಡುವುದು ಹೈದರಾಬಾದಿನಲ್ಲಿ. ಆ ವರ್ಷ ಬಹಳ ತಿಂಗಳು ಹೊರದೇಶದ ಒಂದು ಪ್ರಯೋಗಾಲಯದಲ್ಲಿದ್ದೆ. ತಮ್ಮನಿಗೆ ಮಗ ಹುಟ್ಟಿದ್ದು ನಾನಿಲ್ಲದಾಗ. ತಮ್ಮನ ಹೆಂಡತಿಯ ತವರು ಕೆಂಭಾವಿ, ಬಾಣಂತನವೆಲ್ಲ ಅಲ್ಲೇ ಆಯಿತು. ತೊಟ್ಟಿಲಿಗೆ ಹಾಕುವುದನ್ನೂ ಅಲ್ಲೇ ಮುಗಿಸಿದರು. ಹೆಸರು ಮಾತ್ರ ಸೋದರತ್ತೆಯಾದ ನಾನು ಬಂದೇ ಕರೆಯಬೇಕೆಂದು ಅವ್ವ ಪಟ್ಟು ಹಿಡಿದಿದ್ದಳು. ಹೀಗಾಗಿ ಐದನೆಯ ತಿಂಗಳಲ್ಲಿ ತಾಯಿ ಕೂಸು ಸುರಪುರಕ್ಕೆ ಬರುವತನಕ ಆ ಮಗು ಬರೀ 'ಮುತ್ಯಾ' ಆಗಿತ್ತು. ನಮ್ಮ ಕಡೆ ಅಜ್ಜನನ್ನು ಮುತ್ಯಾ ಎನ್ನುತ್ತೇವೆ. ಬೋಳುತಲೆಯ ಗಂಡುಕೂಸಿಗೆ ಅದಕ್ಕಿಂತ ಒಪ್ಪುವ ಹೆಸರಿಲ್ಲ.

ಅಷ್ಟರಲ್ಲಿ ಊರಿನ ಒಂದು ಸಂಘದವರು ನನಗೆ ಸನ್ಮಾನ ಇಟ್ಟುಕೊಂಡರು. ಹೆಸರಿಡುವುದು, ಸನ್ಮಾನ, ಎರಡೂ ಒಂದೇ ವಾರ. ತಮ್ಮ ನನ್ನನ್ನು ಕರೆದೊಯ್ಯಲು ಯಾದಗಿರಿ ಸ್ಟೇಷನ್ನಿಗೆ ಬಂದಿದ್ದ. ಭೀಮಾ ದಾಟಿ ಶಹಾಪುರದ ಹೋಟೆಲಿನಲ್ಲಿ ಸುಸಲಾ ತಿನ್ನುವಾಗ ಅವನು, "ಅಕ್ಕಾ, ಒಂದು ಮಾತು. ಊರಾಗ ನಿನ್ನ ಕಿವಿ ಡಾಕ್ಟರ್ ಅಂತ ತಿಳಕೊಂಡಾರ," ಎಂದ.

"ನೀ ಅಲ್ಲ ಅಂತ ಹೇಳಲಿಲ್ಲೇನು?"

"ಹೇಳಿದೆ. ಯಾರು ಕೇಳ್ತಾರ?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಮನೆ ಮುಟ್ಟುವ ಹೊತ್ತಿಗೆ ಕಟ್ಟೆಯ ಮೇಲೆ ಜನ ಕೂತಿದ್ದರು. ದೂರದ ಸಂಬಂಧದ ಒಬ್ಬ ಕಾಕಾ ಕಿವಿಗೆ ಬಿಸಿ ಎಣ್ಣೆ ಬಿಟ್ಟುಕೊಂಡು, ಹತ್ತಿ ತುರುಕಿಕೊಂಡೇ ಬಂದಿದ್ದ. ಓಣಿಯ ಒಬ್ಬಾಕೆಗೆ ಕಿವಿಯಲ್ಲಿ ಸದಾ ಗುಂಯ್ ಎನ್ನುತ್ತಿತ್ತಂತೆ. ನಾನು ಡಾಕ್ಟರಲ್ಲ, ಶಹಾಪುರದಲ್ಲಿ ಕಿವಿ ಡಾಕ್ಟರಿದ್ದಾರೆ, ಅವರಿಗೆ ತೋರಿಸಿರಿ, ಬಿಸಿ ಎಣ್ಣೆ ಬಿಡಬೇಡಿರಿ ಎಂದು ಒಬ್ಬೊಬ್ಬರಿಗೂ ಹೇಳಿದೆ. ಮೊದಲಿನವರಿಗೆ ಸಮಾಧಾನದಿಂದಲೇ ಹೇಳಿದೆ, ಕೊನೆಯವರಿಗೆ ಸ್ವಲ್ಪ ಸಿಡುಕಿದೆ. ಹತ್ತಿಯ ಕಾಕಾ ಎದ್ದುಹೋಗುವಾಗ ಅಂದದ್ದು ನನ್ನ ಕಿವಿಗೂ ಬಿತ್ತು: "ಭಾಳ ದೊಡ್ಡಾಕಿ ಆಗ್ಯಾಳ. ಮನಷ್ಯಾರ ಕಿವಿ ಮುಟ್ಟಂಗಿಲ್ಲ, ಬರೇ ಕಪ್ಪಿ ಕಿವಿ." ಅವ್ವ ಒಲೆಯ ಮುಂದೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ಮರುದಿನ ಹೆಸರಿಡುವುದಿತ್ತು. ನಮ್ಮಲ್ಲಿ ಅದನ್ನು ಹೇಗೆ ಮಾಡುತ್ತಾರೆಂದರೆ, ಸೋದರತ್ತೆ ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಊದಿ ಹೆಸರು ಹೇಳುತ್ತಾಳೆ. ಅದೇ ಗಳಿಗೆಗೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ವರ್ಷಗಟ್ಟಲೆ ಒಳಗಿಟ್ಟುಕೊಂಡದ್ದನ್ನೆಲ್ಲ ಆ ಒಂದು ಗುದ್ದಿನಲ್ಲಿ ತೀರಿಸಿಕೊಳ್ಳುವವರೂ ಇರುತ್ತಾರೆ. ಮದುವೆಯಾಗದೆ ಉಳಿದ, ಊರಿಗೆ ಅಪರೂಪಕ್ಕೆ ಬರುವ ನನ್ನಂಥವಳ ಬೆನ್ನು ಸಿಕ್ಕರೆ ಕೇಳಬೇಕೇ?

ನಾನು ಬಾಗಿದೆ. ಕೂಸು ಅಂಗಾತ ಮಲಗಿ ನನ್ನ ಕಿವಿಯ ಝುಮಕಿಯನ್ನೇ ನೋಡುತ್ತಿತ್ತು. ನಾನು ಬಲಗಿವಿಯ ಹತ್ತಿರ ಬಾಯಿ ಇಟ್ಟು, ಉಸಿರು ತಾಗದಂತೆ ಒಂದಿಷ್ಟು ಅಂತರ ಬಿಟ್ಟು 'ಕುರ್ರ್' ಎಂದೆ. ಆ ಅಂತರ ಬಿಟ್ಟದ್ದು ಅಭ್ಯಾಸಬಲ. ಪ್ರಯೋಗದಲ್ಲಿ ಸದ್ದು ಬೇರೆ, ಗಾಳಿ ಬೇರೆ. ಬೆನ್ನಿಗೆ ದಬದಬ ಬಿದ್ದವು. ಹೆಂಗಸರು ನಕ್ಕರು. ಕೂಸು ಬೆಚ್ಚಲಿಲ್ಲ. ರೆಪ್ಪೆ ಕೂಡ ಮಿಟುಕಿಸಲಿಲ್ಲ. ನಾನು ಇನ್ನೊಂದು ಕಿವಿಯಲ್ಲಿ ಇನ್ನೂ ಜೋರಾಗಿ ಊದಿದೆ. ಅದರ ಕಣ್ಣು ಝುಮಕಿಯ ಹಿಂದೆಯೇ ಹೋಯಿತು.

"ಸೋದರತ್ತಿಗೆ ಕುರ್ ಅನ್ನಾಕೂ ಬರಂಗಿಲ್ಲ ನೋಡ್ರಿ, ಎರಡೆರಡು ಸಲ," ಎಂದು ಯಾರೋ ಅಂದರು. ಮತ್ತೆ ನಗು, ಮತ್ತೆ ಗುದ್ದು. ನಾನು ಹೆಸರು ಹೇಳಿ ತಲೆ ಎತ್ತಿದೆ. ತೊಟ್ಟಿಲ ಆಚೆ ತಮ್ಮನ ಹೆಂಡತಿ ನಿಂತಿದ್ದಳು. ಅವಳು ಕೂಸನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು.

ಅವಳು ಮಾತು ಕಡಿಮೆಯ ಹೆಣ್ಣು. ಟೀಚರ್ ಟ್ರೇನಿಂಗ್ ಮುಗಿಸಿದ್ದಾಳೆ. ನಮ್ಮವ್ವನ ಕೈಕೆಳಗೆ ಬಂದ ಮೇಲೆ ಇದ್ದ ಮಾತೂ ಕಡಿಮೆಯಾಗಿತ್ತು. ನಮ್ಮವ್ವ ಕೆಟ್ಟವಳಲ್ಲ. ಆದರೆ ಒಂದು ಮನೆಯಲ್ಲಿ ಒಂದೇ ಬಾಯಿ ಸಾಕು ಎಂದು ನಂಬಿದವಳು. ಉಂಡವರೆಲ್ಲ ಹೋದ ಮೇಲೆ ಹಿತ್ತಲಲ್ಲಿ ಹೋಳಿಗೆಯ ಪಾತ್ರೆ ತಿಕ್ಕುತ್ತಿದ್ದ ಅವಳ ಹತ್ತಿರ ಹೋಗಿ ಕೂತೆ. ಅವಳು ಪಾತ್ರೆಯಿಂದ ಕಣ್ಣೆತ್ತದೆ ಕೇಳಿದಳು.

"ಏನರ ಕಂಡ್ರೇನ್ರಿ, ಅಕ್ಕಾರ?"

"ನೀ ಏನು ಕಂಡೀದಿ, ಅದನ್ನ ಮೊದಲು ಹೇಳು."

ಅವಳು ಹೇಳಿದಳು. ಕೆಂಭಾವಿಯಲ್ಲಿದ್ದಾಗಲೇ ಅವಳಿಗೆ ಅನುಮಾನ ಬಂದಿತ್ತಂತೆ. ಸಂತೆಯ ದಿನ ಮನೆಯ ಮುಂದೆ ಟ್ರ್ಯಾಕ್ಟರ್ ಸಾಲುಗಟ್ಟಿ ಹೋದರೂ ಮಲಗಿದ ಕೂಸು ಏಳುತ್ತಿರಲಿಲ್ಲ. ಒಮ್ಮೆ ಅದರ ಹಿಂದೆ ತಟ್ಟೆ ಬೀಳಿಸಿ ನೋಡಿದಳು. ಎದುರಿಗೆ ಬಂದು ನಕ್ಕರೆ ಬಾಯಿ ತುಂಬ ನಗುತ್ತದೆ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ತನ್ನ ತಾಯಿಗೆ ಹೇಳಿದರೆ ತಾಯಿ ಬಾಯಿ ಮುಚ್ಚಿಸಿದಳು. ಇಲ್ಲಿಗೆ ಬಂದ ಮೇಲೆ ಅತ್ತೆಗೆ ಹೇಳಿದಳು. ಅತ್ತೆಯೂ ಬಾಯಿ ಮುಚ್ಚಿಸಿದಳು.

"ಅವ್ವ ಏನಂದ್ಳು?"

"ಮನ್ಯಾಗ ಅಸ್ತು ಅನ್ನೋ ದೇವ್ರು ಇರ್ತಾವ, ಹೆತ್ತ ತಾಯಿ ಅಂಥಾ ಮಾತು ಆಡಿದ್ರ ಅಸ್ತು ಅಂದುಬಿಡ್ತಾವ, ಇನ್ನೊಮ್ಮಿ ಆಡಬ್ಯಾಡ ಅಂದ್ರು."

ಈ ಅಸ್ತು ದೇವತೆಗಳ ಭಯದಲ್ಲೇ ನಾನೂ ಬೆಳೆದವಳು. ನಾವೇನು ಅಂದರೂ ಮನೆಯ ಮೂಲೆಯಲ್ಲಿ ಕೂತ ಆ ದೇವರು 'ಹಾಗೇ ಆಗಲಿ' ಎನ್ನುತ್ತದೆ, ಆದ್ದರಿಂದ ಕೆಟ್ಟದ್ದನ್ನು ಬಾಯಿಬಿಟ್ಟು ಅನ್ನಬಾರದು. ಪರೀಕ್ಷೆಯಲ್ಲಿ ನಪಾಸಾಗುತ್ತೇನೆ ಎಂದು ಅಂದರೆ ಅವ್ವ ಬೆನ್ನಿಗೆ ಒಂದು ಬಿಡುತ್ತಿದ್ದಳು. ನನಗೆ ಆಗಿನಿಂದಲೂ ಆ ದೇವರ ಮೇಲೆ ಸಿಟ್ಟು. ಒಳ್ಳೆಯದು ಅಂದಾಗ ಎಂದೂ ಅಸ್ತು ಎನ್ನದ ದೇವರು ಅದೆಂಥದು?

ಅವಳು ಕೈ ತೊಳೆದುಕೊಂಡು ಸೆರಗಿನಿಂದ ಒರೆಸಿಕೊಂಡಳು. "ಅವತ್ತಿಂದ ಬಾಯಿಲೆ ಅಂದಿಲ್ಲರಿ. ಆದರ ಮನಸ್ಸಿನ್ಯಾಗ ದಿನಾ ಅಂತೀನಿ. ಅದು ಕೇಳಸ್ತದೇನ್ರಿ ದೇವ್ರಿಗೆ?"

ನಾನು ಕೇಳಿಸುವ ವಿಷಯದ ಪಂಡಿತೆ ಎಂದು ಹೊರದೇಶದವರು ಕೂಡ ಒಪ್ಪಿದ್ದರು, ಆದರೆ ಈ ಪ್ರಶ್ನೆ ಅಲ್ಲಿ ಯಾರೂ ಕೇಳಿರಲಿಲ್ಲ.

"ನೀವು ಹೇಳ್ರಿ ಮನ್ಯಾಗ. ನಾ ಹೇಳಿದ್ರ ಹುಚ್ಚು ಹಿಡದದ ಅಂತಾರ. ನಿಮಗ ಇನಾಮು ಬಂದದಲ್ರಿ," ಎಂದಳು.

ಅವತ್ತು ಸಂಜೆಯೇ ಅವ್ವನಿಗೆ ಹೇಳಿದೆ. ಅವಳು ಕಾಳು ಹಸನು ಮಾಡುತ್ತಿದ್ದಳು. ಮೊರ ನಿಲ್ಲಲಿಲ್ಲ. "ಅಕಿ ನಿನ್ನ ಕಿವಿ ಊದ್ಯಾಳ," ಎಂದಳು.

"ಯಾರೂ ಊದಿಲ್ಲ. ನಾ ಊದಿದ್ದು ಅವಗ ಕೇಳಿಸಲಿಲ್ಲ, ಅದನ್ನ ಹೇಳಾಕತ್ತೇನಿ."

"ನಿನ್ನ ತಮ್ಮ ಮೂರು ವರ್ಷಕ್ಕ ಮಾತಾಡ್ಯಾನ. ಈಗ ನೋಡು, ಕಚೇರ್ಯಾಗ ಅವನ ಬಾಯಿ ಮುಚ್ಚಂಗಿಲ್ಲಂತ."

"ಅವ ಮಾತು ತಡ ಆಡ್ಯಾನ. ಕರೆದ್ರ ತಿರುಗತಿದ್ನೋ ಇಲ್ಲೋ?"

ಅವ್ವ ಮೊರವನ್ನು ಕೆಳಗಿಟ್ಟಳು. "ನೀ ಕಪ್ಪಿ ನೋಡಿದಾಕಿ. ಕೂಸು ಹೆತ್ತಾಕಿ ಅಲ್ಲ."

ಹೀಗೆ ಅಂದದ್ದು ನೋವಾಯಿತು. ಅವಳಿಗೂ ಅಂದ ಮೇಲೆ ಅಯ್ಯೋ ಅನಿಸಿರಬೇಕು, ಚಹಾ ಮಾಡಿಕೊಂಡು ಬಂದಳು. ತಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಅವನು ಹೆಂಡತಿಯ ಕಡೆಗೂ ಆಗದೆ ತಾಯಿಯ ಕಡೆಗೂ ಆಗದೆ, "ಸನ್ಮಾನ ಒಂದು ಮುಗೀಲಿ, ಅಕ್ಕಾ," ಎಂದ. ಎಲ್ಲದಕ್ಕೂ ಒಂದು ದಿನಾಂಕ ಮುಂದೆ ಹಾಕುವುದು ಅವನಿಗೆ ಕಚೇರಿಯಿಂದ ಬಂದ ಗುಣ. ಆದರೆ ಕೂಸಿನ ಕಿವಿ ಕಾಯುವ ವಸ್ತುವಲ್ಲ. ಮೊದಲ ವರ್ಷದಲ್ಲಿ ಸದ್ದು ಒಳಗೆ ಹೋಗದಿದ್ದರೆ ಮಿದುಳು ಆ ಬಾಗಿಲನ್ನೇ ಮರೆಯತೊಡಗುತ್ತದೆ. ಇದನ್ನು ನಾನು ಹೇಳಿದೆ. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡೆ, ತಕ್ಷಣ ಆ ಗಾದೆ ನನಗೇ ಚುಚ್ಚಿತು. ಅದನ್ನು ನಾನು ಆಮೇಲೆ ಬಳಸಿಲ್ಲ.

ಸನ್ಮಾನದ ದಿನ ನನ್ನನ್ನು ಬಸ್‌ಸ್ಟ್ಯಾಂಡಿನಿಂದ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದರು. ಬೇಡವೆಂದರೂ ಕೇಳಲಿಲ್ಲ. ಜೀಪಿನ ಮುಂದೆ ಹಲಗೆ ಬಾರಿಸುವವರ ತಂಡ. ಬೆಂಕಿಗೆ ಕಾಯಿಸಿದ ಹಲಗೆಯ ಸದ್ದು ಎಂಥದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಸಭಾಭವನದ ಬಾಗಿಲಲ್ಲಿ ನಮ್ಮ ಮನೆಯವರೆಲ್ಲ ಆರತಿ ಹಿಡಿದು ನಿಂತಿದ್ದರು. ಹಲಗೆಯವರು ಹುರುಪಿನಿಂದ ಅವರ ಹತ್ತಿರವೇ ಹೋಗಿ ಬಡಿದರು. ಅಲ್ಲಿದ್ದ ಕೂಸುಗಳೆಲ್ಲ ಒಟ್ಟಿಗೆ ಕಿರುಚಿದವು. ಒಬ್ಬ ತಾಯಿ ಮಗುವಿನ ಕಿವಿ ಮುಚ್ಚಿ ಒಳಗೆ ಓಡಿದಳು. ನಮ್ಮ ಕೂಸು ತಾಯಿಯ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಏನು ಶಾಣ್ಯಾ ಕೂಸ್ರಿ ನಿಮ್ಮದು. ಹಲಗಿ ಬಡದರೂ ಅಳಂಗಿಲ್ಲ," ಎಂದರು. ಇನ್ನೊಬ್ಬಾಕೆ ಅದರ ಗಲ್ಲ ಸವರಿ ನೆಟಿಕೆ ಮುರಿದಳು. ತಮ್ಮನ ಹೆಂಡತಿ ಹೂಂ ಎಂದು ಗೋಣು ಹಾಕಿದಳು. ಹೊಗಳಿಕೆಗೆ ಯಾರಾದರೂ ಅಷ್ಟು ಕಷ್ಟಪಟ್ಟು ಗೋಣು ಹಾಕಿದ್ದನ್ನು ನಾನು ನೋಡಿಲ್ಲ. ಅವ್ವ ಆರತಿ ತಟ್ಟೆ ಹಿಡಿದುಕೊಂಡು ಅವಳ ಪಕ್ಕದಲ್ಲೇ ಇದ್ದಳು. ನನಗೆ ಬೆಳಗಬೇಕಾದವಳು ನನ್ನ ಕಡೆ ತಿರುಗದೆ ಕೂಸಿನ ಮುಖವನ್ನೇ ನೋಡುತ್ತ ನಿಂತಳು. ಹಲಗೆಯವರು ಆಗಲೇ ಮುಂದೆ ಹೋಗಿದ್ದರು.

ಒಳಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ "ಕಪ್ಪೆಗಳಿಗೆ ಕಿವಿ ಕೇಳುವಂತೆ ಮಾಡಿದ ಮಹಾನ್ ವಿಜ್ಞಾನಿ" ಎಂದರು. ಕಪ್ಪೆಗಳಿಗೆ ನನಗಿಂತ ಮೊದಲೇ ಕೇಳಿಸುತ್ತಿತ್ತು ಎಂದು ಹೇಳಿ ನಾನು ಭಾಷಣ ಸುರು ಮಾಡಿದೆ. ಜನ ನಕ್ಕರು. ಜೋಕಾಲಿಯ ಮಾತು ಹೇಳಿದೆ, ಕಿವಿ ತಾನೇ ಸದ್ದು ಮಾಡುತ್ತದೆಂದು ಹೇಳಿದೆ. ಆ ಸದ್ದು ಇದೆಯೋ ಇಲ್ಲವೋ ಎಂದು ಹುಟ್ಟಿದ ಕೂಸಿನಲ್ಲೂ ನೋಡಬಹುದು, ಅದಕ್ಕೊಂದು ಸಣ್ಣ ಯಂತ್ರ ಯಾದಗಿರಿಯಲ್ಲೂ ಇದೆ, ಕೂಸಿಗೆ ಏನೂ ನೋವಾಗುವುದಿಲ್ಲ ಎಂದು ಹೇಳುವಾಗ ನಾನು ಸಭೆಯನ್ನು ನೋಡುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವನನ್ನು ನೋಡುತ್ತಿದ್ದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಮನೆಗೆ ಬಂದು ರೊಟ್ಟಿ ಬಡಿಯುತ್ತ ಅವಳು ಯಾರಿಗೂ ಅಲ್ಲದಂತೆ ಅಂದಳು: "ನಾಳೆ ಅಬ್ಬೆತುಮಕೂರಿಗೆ ಹೋಗಿ ಮಠದ ಗದ್ದಿಗಿಗೆ ಕೂಸಿನ ಹಣಿ ಮುಟ್ಟಿಸ್ಕೊಂಡು ಬರೂನು."

"ಹೋಗೂನು," ಎಂದ ತಮ್ಮ.

"ಹೆಂಗೂ ಯಾದಗಿರಿ ಮ್ಯಾಲೇ ಹೋಗಬೇಕಲ್ಲ," ಎಂದು ಅವ್ವ ಮುಂದಿನ ರೊಟ್ಟಿ ಹೆಂಚಿಗೆ ಹಾಕಿದಳು. "ಆ ಯಂತ್ರ ಅದಂತಲ್ಲ ಅಲ್ಲಿ. ನಿಮ್ಮ ಜೀವಕ್ಕ ಸಮಾಧಾನ ಆಗೂದಾದ್ರ ನೋಡ್ಕೊಂಡು ಬರ್ರಿ."

'ನಿಮ್ಮ ಜೀವಕ್ಕ' ಎಂದಳು, ತನ್ನದಕ್ಕೆ ಎನ್ನಲಿಲ್ಲ. ನಾನು ತಮ್ಮನ ಹೆಂಡತಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಕೊಬ್ಬರಿ ತುರಿಯುತ್ತಲೇ ಇದ್ದಳು.

ಮಠದಲ್ಲಿ ಜನ ಹೆಚ್ಚಿರಲಿಲ್ಲ. ಅವ್ವ ಕಾಯಿ ಒಡೆಸಿದಳು, ಕೂಸಿನ ಹಣೆಯನ್ನು ಗದ್ದುಗೆಗೆ ಮುಟ್ಟಿಸಿದಳು, ಬಹಳ ಹೊತ್ತು ಕಣ್ಣುಮುಚ್ಚಿ ನಿಂತಳು. ನಾನು ಅಂಥದನ್ನೆಲ್ಲ ನಂಬುವವಳಲ್ಲ, ಆದರೂ ಅವತ್ತು ಕೈ ಮುಗಿದೆ. ಕಿವಿಯ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಸುಳ್ಳಾಗಲಿ ಎಂದು ಬೇಡಿಕೊಂಡೆ. ಇಂಥ ಬೇಡಿಕೆಯನ್ನು ಪ್ರಶಸ್ತಿ ಕೊಟ್ಟವರು ಕೇಳಿಸಿಕೊಂಡಿದ್ದರೆ ಏನೆನ್ನುತ್ತಿದ್ದರೋ.

ಯಾದಗಿರಿಯಲ್ಲಿ ಕಿವಿ ಪರೀಕ್ಷೆ ಮಾಡುವವಳು ಶಹಾಪುರದ ಕಡೆಯ ಹುಡುಗಿ. ಕೋಣೆ ಸಣ್ಣದು, ಗೋಡೆಗೆಲ್ಲ ಸದ್ದು ಹೀರುವ ಮೆತ್ತೆ. ಕೂಸನ್ನು ತಾಯಿಯ ತೊಡೆಯ ಮೇಲೆ ಮಲಗಿಸಿ, ಹಾಲು ಕುಡಿಸಿ ನಿದ್ದೆ ಬರಿಸಿ, ಕಿವಿಯೊಳಗೆ ರಬ್ಬರಿನ ಸಣ್ಣ ತುದಿ ಇಟ್ಟಳು. ಅದು ಮೆಲ್ಲಗೆ ಸದ್ದು ಮಾಡುತ್ತದೆ, ಆಮೇಲೆ ಸುಮ್ಮನಾಗಿ ಕಿವಿಯ ಉತ್ತರಕ್ಕೆ ಕಾಯುತ್ತದೆ. ಉತ್ತರ ಬಂದರೆ ಪರದೆಯ ಮೇಲೆ ಗೆರೆ ಏಳುತ್ತದೆ. ಈ ಗೆರೆ ಏಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಲ ಸಲ ಎದ್ದಾಗ ಪ್ರಯೋಗಾಲಯದಲ್ಲಿ ಒಬ್ಬಳೇ ಕುಣಿದಿದ್ದೆ.

ಬಲಗಿವಿಯಲ್ಲಿ ಗೆರೆ ಏಳಲಿಲ್ಲ. ಎಡಗಿವಿಯಲ್ಲೂ ಏಳಲಿಲ್ಲ. ಹುಡುಗಿ ತುದಿ ಬದಲಾಯಿಸಿ ಮತ್ತೆ ನೋಡಿದಳು. ಕಿವಿಯಲ್ಲಿ ಗುಗ್ಗೆ, ನೀರು ಏನೂ ಇರಲಿಲ್ಲ. ಆಮೇಲೆ ತಲೆಗೆ ಅಂಟಿನ ಬಿಲ್ಲೆಗಳನ್ನು ಹಚ್ಚಿ ಎರಡನೆಯ ಪರೀಕ್ಷೆಯನ್ನೂ ಮಾಡಿದಳು. ಅದು ಬಹಳ ಹೊತ್ತು ಹಿಡಿಯಿತು. ನನಗೆ ಮೊದಲ ಪರೀಕ್ಷೆಯಲ್ಲೇ ಗೊತ್ತಾಗಿತ್ತು. ಆದರೂ ಎರಡನೆಯದು ಮುಗಿಯುವತನಕ ಆ ಹುಡುಗಿಯ ಮುಖ ನೋಡುತ್ತಲೇ ಕೂತೆ, ಅವಳಿಗೆ ನನಗಿಂತ ಹೆಚ್ಚು ಗೊತ್ತಿದೆ ಎಂಬಂತೆ.

ಅವಳು ನನ್ನ ಕಡೆ ತಿರುಗಿ ಹೇಳತೊಡಗಿದಳು. ತಮ್ಮನ ಹೆಂಡತಿ ತಡೆದಳು. "ಅವ್ರಿಗೆ ಗೊತ್ತದರಿ. ನನಗ ಹೇಳ್ರಿ," ಎಂದಳು. ಅವಳ ಅಷ್ಟು ಗಟ್ಟಿ ದನಿಯನ್ನು ನಾವ್ಯಾರೂ ಕೇಳಿರಲಿಲ್ಲ.

ಹುಡುಗಿ ಕುರ್ಚಿ ಎಳೆದುಕೊಂಡು ಅವಳೆದುರು ಕೂತು ಹೇಳಿದಳು. ಎರಡೂ ಕಿವಿ ಕೇಳುವುದಿಲ್ಲ. ಕಲಬುರಗಿಯಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಬೇಕು. ಈಗಲೇ ಕಿವಿಗೆ ಮಶೀನು ಹಾಕಿ ನೋಡಬೇಕು, ಅದು ಸಾಲದಿದ್ದರೆ ವರ್ಷ ತುಂಬಿದ ಮೇಲೆ ಆಪರೇಷನ್ ಇದೆ. ಬೇಗ ಬಂದಿದ್ದೀರಿ, ಮೂರ್ನಾಲ್ಕು ವರ್ಷವಾದ ಮೇಲೆ ಬರುವವರೇ ಹೆಚ್ಚು, ಬೇಗ ಬಂದವರ ಮಕ್ಕಳು ಮಾತು ಕಲಿಯುತ್ತಾರೆ. ಅವಳು ಒಂದೊಂದನ್ನೂ ತಿಳಿಯುವಂತೆ ಹೇಳಿದಳು. ತಮ್ಮ ಗೋಡೆಯ ಮೆತ್ತೆಗೆ ತಲೆ ಆನಿಸಿ ನಿಂತಿದ್ದ. ಅವ್ವ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು.

ಹೊರಗೆ ಬಂದು ಜೀಪು ಹತ್ತಿದೆವು. ತಮ್ಮ ಮುಂದೆ ಡ್ರೈವರನ ಪಕ್ಕ ಕೂತ. ಹಿಂದೆ ನಾನು, ನಡುವೆ ತಮ್ಮನ ಹೆಂಡತಿ, ಆಚೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಅವ್ವ. ಭೀಮಾ ಸೇತುವೆ ದಾಟಿದೆವು. ಎರಡೂ ಕಡೆ ತೊಗರಿ ಹೊಲ. ತಮ್ಮನ ಹೆಂಡತಿ ಅಳುತ್ತಿರಲಿಲ್ಲ. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ಶಹಾಪುರದ ಗುಡ್ಡ ಕಾಣುವ ಹೊತ್ತಿಗೆ ನನ್ನ ಕಡೆ ಬಾಗಿ, ಅತ್ತೆಗೆ ಕೇಳಿಸದಂತೆ, ಮೆಲ್ಲಗೆ ಕೇಳಿದಳು.

"ಅಕ್ಕಾರ, ನಾ ಅಂದದ್ದಕ್ಕ ಆಗ್ಯದೇನ್ರಿ?"

ಇಷ್ಟು ದಿನ ಈ ಹೆಣ್ಣು ಹೊತ್ತು ತಿರುಗಿದ್ದು ಇದನ್ನು. ಮಗನಿಗೆ ಕೇಳಿಸುವುದಿಲ್ಲ ಎಂಬುದು ಅವಳಿಗೆ ಯಾವಾಗಲೋ ಗೊತ್ತಿತ್ತು, ಅದು ತನ್ನ ನಾಲಿಗೆಯಿಂದ ಆಯಿತೋ ಎಂಬುದೇ ಗೊತ್ತಿರಲಿಲ್ಲ. ನಮ್ಮ ವಿದ್ಯೆಯಲ್ಲಿ ಯಾವುದನ್ನೂ ಖಂಡಿತ ಎನ್ನುವುದಿಲ್ಲ. 'ಬಹುಶಃ' ಎನ್ನುತ್ತೇವೆ, 'ಸದ್ಯಕ್ಕೆ ಕಂಡಂತೆ' ಎನ್ನುತ್ತೇವೆ. ನಾನು ಬರೆದ ಯಾವ ಲೇಖನದಲ್ಲೂ ಇಂಥ ಪದವಿಲ್ಲದ ಪುಟ ಸಿಗಲಿಕ್ಕಿಲ್ಲ. ಆ ಜೀಪಿನಲ್ಲಿ ನಾನು ಅವಳ ಕೈ ಹಿಡಿದು ಹೇಳಿದೆ.

"ಇಲ್ಲ. ಯಾರ ಮಾತಿನಿಂದನೂ ಕಿವಿ ಕೆಡಂಗಿಲ್ಲ. ತಾಯಿ ಅಂದ್ರೂ ಇಲ್ಲ, ಮನಸ್ಸಿನ್ಯಾಗ ನೆನಸಿದ್ರೂ ಇಲ್ಲ, ಯಾವ ದೇವ್ರು ಅಸ್ತು ಅಂದ್ರೂ ಇಲ್ಲ. ನೀ ಅಂದದ್ದಕ್ಕ ಅವ ಇವತ್ತು ಇಲ್ಲಿಗೆ ಬಂದಾನ. ನೀ ಸುಮ್ಮನಿದ್ದಿದ್ರ ಇನ್ನೂ ಮೂರು ವರ್ಷ ಯಾರಿಗೂ ಗೊತ್ತಾಗ್ತಿದ್ದಿಲ್ಲ."

ಅವಳು ಆಗ ಅತ್ತಳು. ತಲೆ ಮುಂದಿನ ಸೀಟಿಗೆ ಆನಿಸಿ, ಸದ್ದಿಲ್ಲದೆ, ಮೈಯೆಲ್ಲ ನಡುಗುವಂತೆ ಅತ್ತಳು. ತಮ್ಮ ಹಿಂತಿರುಗಿ ನೋಡಿ ಕೈ ಚಾಚಿ ಅವಳ ತಲೆಯ ಮೇಲಿಟ್ಟ. ಅವ್ವ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಅವಳಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಎಷ್ಟಾದರೂ ವಯಸ್ಸಾಗಿದೆ, ಜೀಪಿನ ಸದ್ದು ಬೇರೆ.

ಸ್ವಲ್ಪ ಹೊತ್ತಿನ ಮೇಲೆ ಅವ್ವ, ಹೊರಗೆ ನೋಡುತ್ತಲೇ, ತೊಡೆಯ ಮೇಲಿನ ಕೂಸನ್ನು ಎದೆಗೆ ಎತ್ತಿಕೊಂಡು ನನಗೆ ಅಂದಳು.

"ಅಕಿಗೆ ಇನ್ನೊಮ್ಮಿ ಹೇಳು. ಜೋರಾಗಿ ಹೇಳು."

ನಾನು ಇನ್ನೊಮ್ಮೆ ಹೇಳಿದೆ.